ಚನ್ನವ್ವ ಬಾಗಿಲು ತೆಗೆಯದ ದಿನ

ಮುಂಬೈಯ ಪವಾಯಿಯಲ್ಲಿರುವ ತನ್ನ ಕಚೇರಿಯಲ್ಲಿ ವಿನೋದಿನಿ ಒಂದು ಸಹಕಾರಿ ಬ್ಯಾಂಕಿನವರೊಡನೆ ಮಾತಾಡುತ್ತಿದ್ದಾಗ ನೀಲಾವತಿಯ ಫೋನು ಬಂತು. ನೀಲಾವತಿ ಮುಲುಂಡಿನ ಕನ್ನಡ ಸಂಘದ ಕಾರ್ಯದರ್ಶಿ, ಸಂಘದ ಹಿರಿಯರಾದ ಚನ್ನವ್ವನ ನೆರೆಯವರು. ಕೆಲಸದ ಹೊತ್ತಿನಲ್ಲಿ ಸುಮ್ಮನೆ ಫೋನು ಮಾಡುವವರಲ್ಲ.

"ಚನ್ನವ್ವಕ್ಕ ಬೆಳಿಗ್ಗೆಯಿಂದ ಬಾಗಿಲು ತೆಗೀಲಿಲ್ಲ ಮಾರಾಯ್ತಿ. ಒಳಗೆ ಫೋನಲ್ಲಿ ಯಾರೋ ಹಿಂದಿಯಲ್ಲಿ ಗದರಿಸ್ತಿದ್ದಾನೆ. ಪೊಲೀಸಂತೆ. ವಾಚ್‌ಮನ್‌ನನ್ನು ಸ್ಟೇಷನ್ನಿಗೆ ಓಡಿಸಿದ್ದೇನೆ."

ವಿನೋದಿನಿ ಮಾತನ್ನು ಅಲ್ಲಿಗೇ ಬಿಟ್ಟು ಹೊರಟಳು. ಗ್ರಾಂಟ್ ರೋಡಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಅಪ್ಪ ಓದಿಸಿದ ಮಗಳು. ಹದಿನಾಲ್ಕು ವರ್ಷ ಬೇರೆಯವರ ಕಂಪನಿಯಲ್ಲಿ ದುಡಿದು, ಆಮೇಲೆ ಆರು ಜನರೊಂದಿಗೆ ಸ್ವಂತ ಸಲಹಾ ಸಂಸ್ಥೆ ತೆರೆದಿದ್ದಳು. ಬ್ಯಾಂಕು, ಆಸ್ಪತ್ರೆಗಳಲ್ಲಿರುವ ಜನರ ಮಾಹಿತಿ ಕಳ್ಳರ ಪಾಲಾಗದಂತೆ ನೋಡಿಕೊಳ್ಳುವುದೇ ಅವಳ ಕಸುಬು. ಸಂಘದ ಹಿರಿಯರ ಪಟ್ಟಿಯನ್ನು ಕಷ್ಟಕಾಲಕ್ಕಿರಲೆಂದು ಕಂಪ್ಯೂಟರಿಗೆ ಏರಿಸಿದವಳೂ ಅವಳೇ. ಮನೆಯವರದೇ ಕೆಲಸವಲ್ಲವೇ ಎಂದು ಒಂದು ಭಾನುವಾರ ಗಡಿಬಿಡಿಯಲ್ಲಿ ಮುಗಿಸಿದ್ದಳು.

ವಂಚಕರಿಗೆ ನಂಬರು ಅಲ್ಲಿಂದಲೇ ಸಿಕ್ಕಿತೇ ಎಂದು ಆಟೋದಲ್ಲಿ ಕೂತು ಪಟ್ಟಿ ತೆರೆದಳು. ಪಾಸ್‌ವರ್ಡೇ ಇರಲಿಲ್ಲ. ಲಿಂಕ್ ಸಿಕ್ಕ ಯಾರು ಬೇಕಾದರೂ ಓದಬಹುದಿತ್ತು. ಚನ್ನವ್ವನ ಹೆಸರಿನ ಮುಂದೆ ಅವಳೇ ಬರೆದಿದ್ದಳು: ಬಿಪಿ ಇದೆ, ಹಗಲು ಒಬ್ಬರೇ, ಮಗಳು ಶೈಲಾ ಥಾಣೆಯಲ್ಲಿ ನರ್ಸ್. ಕೆಳಗೆ ಆಸ್ಪತ್ರೆಯ ನಂಬರು. ಬೇರೆ ಯಾರಿಗೂ ತೆರೆಯದಂತೆ ಪಟ್ಟಿಯನ್ನು ಅಲ್ಲೇ ಮುಚ್ಚಿದಳು.

ಮೂರನೆಯ ಮಹಡಿಯಲ್ಲಿ ನೀಲಾವತಿ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು. ಒಳಗಿನಿಂದ ಚನ್ನವ್ವನ ಸಣ್ಣ ದನಿ ಬಂತು.

"ಹೋಗ್ರಿ ನೀವು. ಮಾತಾಡಬ್ಯಾಡ ಅಂದಾರ. ಮಾತಾಡಿದ್ರ ನನ್ನ ಮಗಳನ್ನ ಜೇಲಿಗೆ ಹಾಕ್ತಾರಂತ."

ಶೈಲಾಳ ಮೊಬೈಲು ಸ್ವಿಚ್ ಆಫ್ ಆಗಿತ್ತು. ವಿನೋದಿನಿ ಆಸ್ಪತ್ರೆಯ ನಂಬರಿಗೆ ಫೋನು ಮಾಡಿ, ಅವಳನ್ನು ವಾರ್ಡಿನಿಂದ ಕರೆಸಿ, ತನ್ನ ಫೋನನ್ನು ಬಾಗಿಲ ಸಂದಿಗೆ ಹಿಡಿದಳು.

"ಅವ್ವಾ, ನಾ ಡ್ಯೂಟಿ ಮ್ಯಾಲ ಅದೀನಿ. ನನ್ನ ಯಾರೂ ಹಿಡದಿಲ್ಲ. ಬಾಗಲಾ ತಗಿ."

ಒಳಗೆ ಏನೋ ದೊಪ್ಪನೆ ಬಿತ್ತು. ಆಮೇಲೆ ಸದ್ದಿಲ್ಲ. ಮುದುಕಿಯ ಎದೆಯೇ ನಿಂತಿತೋ ಎಂದು ವಿನೋದಿನಿ ಬಾಗಿಲು ಬಡಿದಳು. ಬಹಳ ಹೊತ್ತಿನ ಮೇಲೆ ಅಗುಳಿ ಸರಿಯಿತು.

ಬಿದ್ದದ್ದು ಕುರ್ಚಿ. ಮೇಜಿನ ಮೇಲೆ ನಿಲ್ಲಿಸಿದ್ದ ಫೋನಿನಲ್ಲಿ ಪೊಲೀಸನಂತೆ ಖಾಕಿ ತೊಟ್ಟ ವಂಚಕನೊಬ್ಬ ಇವರನ್ನು ಕಂಡದ್ದೇ ಕರೆ ಕಡಿದ. ಬೆಳಿಗ್ಗೆ ಏಳು ಗಂಟೆಯಿಂದ ಅವನು ಚನ್ನವ್ವನನ್ನು ಕದಲಗೊಟ್ಟಿರಲಿಲ್ಲ. ಸೀರೆ ಒದ್ದೆಯಾಗಿತ್ತು. ನೀಲಾವತಿ ಏನನ್ನೂ ಕೇಳದೆ ಅವರನ್ನು ಬಚ್ಚಲಿಗೆ ಕರೆದೊಯ್ದರು.

ಆ ಭಾನುವಾರದ ಸಂಘದ ಸಭೆಯಲ್ಲಿ ವಿನೋದಿನಿ ಎದ್ದು ನಿಂತಳು. "ನನ್ನ ಪಟ್ಟಿಯಿಂದಲೇ ಅವರಿಗೆ ನಂಬರು ಸಿಕ್ಕಿತಾ, ಗೊತ್ತಿಲ್ಲ. ಸಿಕ್ಕಿರಬಹುದು. ತಪ್ಪು ನನ್ನದು."

ಯಾರೂ ಬೈಯಲಿಲ್ಲ. ಹೋಟೆಲು ನಡೆಸುವ ಕೊರಗಪ್ಪ ಮಾತ್ರ, "ನಮ್ಮ ಮನೆಯವರ ಹೆಸರು ತೆಗೆದುಬಿಡಿ," ಎಂದರು. ಇನ್ನೂ ನಾಲ್ಕು ಕುಟುಂಬದವರು ಹಾಗೇ ಹೇಳಿದರು.

ಚನ್ನವ್ವ ತಲೆಯೆತ್ತದೆ ನುಡಿದರು: "ನಂದು ಇರಲಿ. ಶೈಲಾನ್ನ ಹುಡುಕಿದ್ದೂ ಅದರಾಗ ನೋಡೇ ಅಲ್ಲೇನವಾ?"

ವಿನೋದಿನಿಗೆ ಅದರಿಂದ ಸಮಾಧಾನವಾಗಲಿಲ್ಲ. ಉಳಿದ ಎಪ್ಪತ್ತು ಮನೆಗಳಿಗೂ ತಾನೇ ನಡೆದು ಹೋಗಿ, ಪೊಲೀಸರು ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲವೆಂದು ಹೇಳಿಬಂದಳು. ಹಿರಿಯರು ಯಾರಾದರೂ ಮೊದಲ ಕರೆಗೆ ಫೋನು ಎತ್ತದಿದ್ದರೆ, ಈಗಲೂ ಅವಳು ಕೆಲಸ ಬಿಟ್ಟು ಅವರ ಮನೆಗೆ ಹೊರಡುತ್ತಾಳೆ.