ಹನ್ನೆರಡನೆಯ ಕಂತು ಬರೆಯದ ಬೇನೂರ ಮಾಸ್ತರರು

ಅಪರಾಧದ ಕಥೆಯನ್ನು ಕಂತು ಕಂತಾಗಿ ಹೇಳಿ ನೋಡುಗರನ್ನು ಹಿಡಿದು ಕೂರಿಸುವ ವಿದ್ಯೆ ನಮ್ಮ ಸೀಮೆಯಲ್ಲಿ ಯಾರಿಗಾದರೂ ಒಲಿದಿದ್ದರೆ ಅದು ಶ್ರೀ ಸಿದ್ದಾರೂಢ ಬೇನೂರ ಅವರಿಗೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಇಂಡಿ ಎಂದು ಮೂವತ್ತೊಂದು ವರ್ಷ ಕನ್ನಡ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಹೆಚ್ಚಿನ ಜನ ಬಲ್ಲದ್ದು ‘ಹಗೇವು’ ಧಾರಾವಾಹಿಯಿಂದ.

ಮುದ್ದೇಬಿಹಾಳದಲ್ಲಿದ್ದಾಗ, ಹತ್ತನೆಯ ತರಗತಿಯಲ್ಲಿ ಎರಡು ಸಲ ನಪಾಸಾದ ಮಶಾಕಸಾಬನನ್ನು ಮನೆಗೆ ಕರೆದು, ಊಟ ಹಾಕಿ, ಓದಿಸಿ ಪಾಸು ಮಾಡಿಸಿದರು. ಬಾಗೇವಾಡಿಯಲ್ಲಿ, ರಜೆಗೆ ಊರಿಗೆ ಹೋಗದ ಹಾಸ್ಟೆಲ್ ಮಕ್ಕಳಿಗಾಗಿ ಗ್ರಂಥಾಲಯದ ಬೀಗ ತಾವೇ ತೆಗೆದು ಕೂರುತ್ತಿದ್ದರು. ಮಶಾಕಸಾಬ ಮುಂದೆ ಇಂಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟ. ಯೂಟ್ಯೂಬಿಗೊಂದು ಧಾರಾವಾಹಿ ಬರೆದುಕೊಡಿರೆಂದು ಗುರುಗಳ ಮುಂದೆ ನಿಂತ. ಹೆಣ್ಣುಮಗಳೊಬ್ಬಳು ಕಾಣೆಯಾಗುವ ಕಥೆ ಹಾಗೆ ಹುಟ್ಟಿತು.

ಕಂತು ಕಟ್ಟುವ ಕ್ರಮವನ್ನು ಮಾಸ್ತರರು ಕಲಿತದ್ದು ನೆಲದೊಳಗೆ ಜೋಳ ತುಂಬಿಡುವ ಹಗೇವಿನಿಂದ. ಬಾಯಿ ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕಂತೂ ಹಾಗೆಯೇ. ಮೊದಲ ನಿಮಿಷದಲ್ಲಿ ಒಂದೇ ಒಂದು ಪ್ರಶ್ನೆ ಬಾಯಿ ತೆರೆಯಬೇಕು. ಆಮೇಲೆ ಅದಕ್ಕೆ ಸಂಬಂಧವಿಲ್ಲದ ಒಂದು ಮಾತೂ ಇರಕೂಡದು. ಕಡೆಗೆ ಉತ್ತರ ಸಿಗಬೇಕು, ಆ ಉತ್ತರವೇ ಇನ್ನೊಂದು ಪ್ರಶ್ನೆಯಾಗಬೇಕು. ಉತ್ತರ ಕೊಡದೆ ಬರೀ ಕಾಯಿಸುವುದು ಮೋಸ ಎನ್ನುತ್ತಿದ್ದರು. ಮಶಾಕಸಾಬ ನಡುವೆ ಹೊಡೆದಾಟ ಸೇರಿಸಲು ಹೊರಟಾಗ, “ಕಂದೀಲು ಇಳಿಯೂ ಮುಂದ ಡೊಳ್ಳು ಬಾರಸ್ತಾರೇನೋ?” ಎಂದು ಬೈದು ತೆಗೆಸಿದರು.

ಹನ್ನೊಂದನೆಯ ಕಂತಿನ ಕೊನೆಯಲ್ಲಿ ಹಗೇವಿಗೆ ಕಂದೀಲು ಇಳಿಯುತ್ತದೆ. ತಳದಲ್ಲಿ ಕೆಂಪು ದಾರದಿಂದ ಹೊಲಿದ ಹೆಣ್ಣುಮಗಳ ಚಪ್ಪಲಿ ಕಾಣುತ್ತದೆ. ಅಲ್ಲಿಗೆ ಕಂತು ಮುಗಿಯುತ್ತದೆ. ಸಾವಿರಾರು ಜನ ಮುಂದಿನ ವಾರಕ್ಕೆ ಕಾದರು. ಆದರೆ ಆ ಚಪ್ಪಲಿ ಮಾಸ್ತರರ ಕಲ್ಪನೆಯದಲ್ಲ. ಲಚ್ಯಾಣದ ಕಡೆ ಅದಕ್ಕೆ ಆರು ವರ್ಷ ಮೊದಲು ಕಾಣೆಯಾದವಳೊಬ್ಬಳು ಅಂಥದ್ದು ಮೆಟ್ಟಿದ್ದಳೆಂದು ಬಸ್ಸಿನಲ್ಲಿ ಯಾರೋ ಆಡಿದ್ದನ್ನು ಕೇಳಿ ಎತ್ತಿಕೊಂಡಿದ್ದರು. ಅದು ಅವರ ತಪ್ಪು.

ಕಂತು ಬಂದ ಮೂರನೆಯ ದಿನ ಅವಳ ತಾಯಿ ರಾಮವ್ವ ಶಾಲೆಗೆ ಬಂದರು.

“ಮಾಸ್ತರ್ರ, ಆ ಚಪ್ಪಲಿ ನಮ್ಮ ರೇಣುಕಾಂದು. ದಾರಾ ನಾನಽ ಹಾಕೇನಿ. ಆ ಹಗೇವು ಯಾವೂರಾಗ ಐತಿ, ಹೇಳ್ರಿ.”

“ಯವ್ವಾ, ಅದು ಕತಿರಿ. ನಾ ಕಟ್ಟಿದ್ದು.”

“ಕಟ್ಟಿದವರಿಗೆ ಕಡೀಕ ಏನಾತಂತ ಗೊತ್ತಿರತೈತಲ್ರಿ. ಮುಂದಿನ ವಾರದ ತನಕ ಯಾಕ ಕಾಯಸ್ತೀರಿ? ನಾ ಆರು ವರ್ಸ ಕಾದೇನಿ.”

ಮಾಸ್ತರರು ಅವರನ್ನು ಸ್ಟುಡಿಯೋಗೆ ಕರೆದೊಯ್ದರು. ಮಶಾಕಸಾಬನ ಹೆಂಡತಿ ಬುಶ್ರಾ, ಚಿತ್ರೀಕರಣಕ್ಕೆಂದು ತಾನು ದಾರ ಹಾಕಿದ್ದ ಆ ಚಪ್ಪಲಿಯನ್ನು ತಂದು ಕೈಗಿಟ್ಟಳು. ರಾಮವ್ವ ತಿರುಗಿಸಿ ತಿರುಗಿಸಿ ನೋಡಿದರು.

“ನನ್ನ ಹೊಲಿಗಿ ಅಲ್ಲ. ನಂದು ಒಳಮಗ್ಗಲಕ ಗಂಟಿರತೈತಿ.” ಚಪ್ಪಲಿಯನ್ನು ಬುಶ್ರಾಳ ಕೈಗೆ ಮರಳಿಸಿ, “ಹಂಗಾರ ನನ್ನ ಮಗಳು ಆ ಹಗೇವಿನ್ಯಾಗ ಇಲ್ಲ,” ಎಂದು ಅಳತೊಡಗಿದರು. ಸಮಾಧಾನದ ಅಳುವೋ ನಿರಾಸೆಯ ಅಳುವೋ, ಅಲ್ಲಿದ್ದ ಮೂವರಿಗೂ ತಿಳಿಯಲಿಲ್ಲ.

ಹನ್ನೆರಡನೆಯ ಕಂತು ಬರಲಿಲ್ಲ. “ಸರ್, ಮಂದಿ ಫೋನ್ ಹಚ್ಚಿ ಬೈಯಾಕತ್ತಾರ್ರಿ. ಕೊಲಿ ಮಾಡಿದವ ಯಾರಂತ ನನಗರ ಹೇಳ್ರಿ,” ಎಂದು ಮಶಾಕಸಾಬ ಗೋಗರೆದ.

“ಕಂದೀಲು ಆರೇತೋ. ಇನ್ನ ಇಳೀಬಾರ್ದು,” ಎಂದಷ್ಟೇ ಹೇಳಿದರು.

ಅಂದಿನಿಂದ ಮೂರು ವರ್ಷವಾಯಿತು, ತಿಂಗಳಿಗೊಮ್ಮೆ ಲಚ್ಯಾಣದ ಕಡೆ ಹೋಗಿ ರಾಮವ್ವನವರ ಪರವಾಗಿ ಪೊಲೀಸರಿಗೆ ಅರ್ಜಿ ಬರೆಯುತ್ತಾರೆ. ಅಲ್ಲಿಯೂ ಧಾರಾವಾಹಿಯ ಕ್ರಮವೇ: ಒಂದು ಅರ್ಜಿಗೆ ಒಂದೇ ಪ್ರಶ್ನೆ. ರೇಣುಕಾ ಕಾಣೆಯಾದ ದಿನ ಬಸ್ಸು ಎಷ್ಟು ಗಂಟೆಗೆ ಬಿಟ್ಟಿತು? ರೇಣುಕಾ ಇಳಿದದ್ದನ್ನು ನೋಡಿದವರ ಹೇಳಿಕೆ ಎಲ್ಲಿದೆ? ಮೂವತ್ತಾರು ಅರ್ಜಿಗಳಲ್ಲಿ ನಾಲ್ಕಕ್ಕೆ ಉತ್ತರ ಬಂದಿದೆ. ನಾಲ್ಕರಲ್ಲೂ ‘ಪರಿಶೀಲನೆಯಲ್ಲಿದೆ’ ಎಂದಿದೆ. ರಾಮವ್ವ ಪ್ರತಿಯೊಂದನ್ನೂ ಓದಿಸಿ ಕೇಳುತ್ತಾರೆ. ಆಮೇಲೆ, “ಮುಂದಿಂದು ಯಾವಾಗ್ರಿ?” ಎನ್ನುತ್ತಾರೆ.

ಬೇನೂರ ಮಾಸ್ತರರಿಗೆ ದೀರ್ಘಾಯುಷ್ಯವಿರಲಿ, ಬರೆಯುವ ಕೈ ನಡುಗದಿರಲಿ. ಹನ್ನೆರಡನೆಯ ಕಂತನ್ನು ಬರೆಯಿರೆಂದು ಈ ಅಭಿನಂದನ ಸಂಪುಟ ಅವರನ್ನು ಕೇಳುವುದಿಲ್ಲ. ಅವರು ಮೂವತ್ತೇಳನೆಯ ಅರ್ಜಿ ಬರೆಯಲಿ.