ತಾರೀಖಕ್ಕನ ಜೂನ್ ಮೂವತ್ತೊಂದು

ರಾಜರು ಕುದುರೆ ಏರಿ, ಕತ್ತಿ ಹಿರಿದು, ಊರೂರು ಸುಟ್ಟು ಮಾಡಿದ ಸಾಹಸವನ್ನೆಲ್ಲ ತಾರೀಖಕ್ಕ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ಮೂರು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದಳು.

ಆಕೆಯ ಕೆಲಸವೇ ಅದು. ಊರಿನ ಪ್ರೆಸ್ಸೊಂದು ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ಅಚ್ಚು ಹಾಕುತ್ತಿತ್ತು. ಹಾಳೆಯ ಮುಂದೆ ದಪ್ಪ ಅಂಕಿ, ಕೆಳಗೆ ವಾರ. ಹಿಂದೆ ‘ಈ ದಿನ’: ಆ ತಾರೀಖಿನಂದು ಹುಟ್ಟಿದವರು, ಸತ್ತವರು, ಏನನ್ನೋ ಕಂಡುಹಿಡಿದವರು, ಯಾವುದೋ ಬೆಟ್ಟ ಹತ್ತಿದವರು, ಅದೇ ಬೆಟ್ಟದಿಂದ ಬಿದ್ದವರು. ಹಾಳೆಗೆ ನಾಲ್ಕೇ ಜನ. ಇಪ್ಪತ್ತಾರು ವರ್ಷಗಳಿಂದ ಈ ಹಿಂಬದಿಯ ಸಾಮ್ರಾಜ್ಯವನ್ನು ತಾರೀಖಕ್ಕ ಒಬ್ಬಳೇ ಆಳಿಕೊಂಡು ಬಂದಿದ್ದಳು. ಮುಚ್ಚಿಹೋದ ಔಷಧದಂಗಡಿಯಿಂದ ತಂದ, ಸಣ್ಣ ಸಣ್ಣ ಖಾನೆಗಳ ಬೀರುವೇ ಆಕೆಯ ಖಜಾನೆ. ಅದರಲ್ಲಿ ದಿನಕ್ಕೊಂದರಂತೆ ಮುನ್ನೂರ ಅರವತ್ತಾರು ಲಕೋಟೆ. ದೊಡ್ಡವರು ಯಾರಾದರೂ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದರೆ “ಅಯ್ಯೋ ಪಾಪ” ಎಂದು ಕತ್ತರಿ ಎತ್ತಿಕೊಳ್ಳುವಳು. ಕತ್ತರಿಸುತ್ತಲೇ, “ಹನ್ನೊಂದನೇ ತಾರೀಖು ಬಣಗುಡ್ತಿತ್ತು, ಸದ್ಯ ಒಬ್ಬರು ಸಿಕ್ಕರು” ಎನ್ನುವಳು.

ಕೆಲವು ದಿನಗಳಿಗೆ ಜನವೇ ಇಲ್ಲ. ಜೂನ್ ಮೂವತ್ತಕ್ಕೆ ಮಾತ್ರ ನೂಕುನುಗ್ಗಲು. ಒಬ್ಬ ರಾಜ, ಒಬ್ಬ ಗಾಯಕಿ, ಒಬ್ಬ ಪರ್ವತಾರೋಹಿ, ನಕ್ಷತ್ರ ನೋಡುವವನೊಬ್ಬ ಮೊದಲ ವರ್ಷವೇ ಬಂದು ಜಾಗ ಹಿಡಿದು ಕೂತಿದ್ದರು. ಆಮೇಲೆ ಬಂದವರನ್ನು ಬಿಸಾಡಲು ಮನಸ್ಸಾಗದೆ ತಾರೀಖಕ್ಕ ಇನ್ನೊಂದು ಲಕೋಟೆ ಮಾಡಿ, ಅದರ ಮೇಲೆ ‘ಜೂನ್ 31’ ಎಂದು ಬರೆದು, ಮೂವತ್ತರ ಹಿಂದೆಯೇ ಇಟ್ಟಿದ್ದಳು. ಪ್ರತಿ ವರ್ಷ ಲಕೋಟೆಗಳನ್ನು ಪ್ರೆಸ್ಸಿಗೆ ಒಯ್ಯುವಾಗ ಅದನ್ನು ಮನೆಯಲ್ಲೇ ಬಿಡುವಳು. ಈ ಗುಟ್ಟು ಆಕೆಗೊಬ್ಬಳಿಗೇ ಗೊತ್ತಿತ್ತು.

ಹೀಗಿರಲು ಒಂದು ವರ್ಷ ಲಕೋಟೆ ಒಯ್ಯುವ ಹೊತ್ತಿಗೆ ಸರಿಯಾಗಿ ಆಕೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆ ಸಲ ಫೆಬ್ರವರಿಗೆ ಇಪ್ಪತ್ತೊಂಬತ್ತು ಇಲ್ಲವೆಂದು ಆ ಲಕೋಟೆಯನ್ನು ಆಸ್ಪತ್ರೆಗೆ ಹೋಗುವ ಮುಂಚೆಯೇ ಎತ್ತಿಟ್ಟಿದ್ದಳು. ಉಳಿದದ್ದನ್ನು ಗಂಡನಿಗೆ ವಹಿಸಿದಳು. ಗಂಡ ನಿವೃತ್ತ ಬಸ್ ಕಂಡಕ್ಟರು. ಮೂವತ್ತೈದು ವರ್ಷ ಕೈ ತೋರಿಸಿದ ಒಬ್ಬರನ್ನೂ ರಸ್ತೆಯಲ್ಲಿ ಬಿಟ್ಟು ಬಂದವರಲ್ಲ. ಖಾನೆಯಲ್ಲಿ ಕಂಡ ಲಕೋಟೆಯನ್ನೆಲ್ಲ ಚೀಲಕ್ಕೆ ಹತ್ತಿಸಿಕೊಂಡರು. ಎಣಿಸಿದರು: ಮುನ್ನೂರ ಅರವತ್ತಾರು. ಹೆಂಡತಿ ಬಾಯಲ್ಲಿ ಆಯುಷ್ಯವಿಡೀ ಕೇಳಿದ ಸಂಖ್ಯೆ ಅದೇ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವಳಿಗೆ, “ಲೆಕ್ಕ ಸರಿ ಇದೆ ಕಣೇ, ನೀನು ಆರಾಮಾಗಿ ಮಲಕ್ಕೋ” ಎಂದು ವರದಿ ಒಪ್ಪಿಸಿದರು. ಕರಡು ತಿದ್ದಿದವರೂ ಅವರೇ. ಹಾಳೆ ಎಣಿಸಿದರೆ ಕರಡು ತಿದ್ದಿದಂತೆ ಎಂಬುದು ಅವರ ತಿಳಿವಳಿಕೆ.

ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನಿಗೆ ಸೂರ್ಯನಿಗಿಂತ ತಾರೀಖಕ್ಕನ ಮೇಲೆ ನಂಬಿಕೆ ಹೆಚ್ಚು. ಜೂನ್ 31ರ ಲಕೋಟೆಯಲ್ಲೂ ಮೊದಲು ಸಿಕ್ಕ ನಾಲ್ವರನ್ನು ಅಚ್ಚುಕಟ್ಟಾಗಿ ಜೋಡಿಸಿದ. ಜೂನ್ ಮೂವತ್ತೊಂದು ಯಾವ ವಾರ ಬರುತ್ತದೆಂದು ಪಟ್ಟಿಯಲ್ಲಿ ಹುಡುಕಿದ, ಸಿಗಲಿಲ್ಲ. ಅಕ್ಕನಿಗೆ ತಿಳಿಯದ್ದು ಏನಿದೆ ಎಂದು ವಾರದ ಜಾಗ ಖಾಲಿ ಬಿಟ್ಟು ಮುಂದೆ ಹೋದ.

ಅರ್ಧ ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಪ್ರೆಸ್ಸಿನ ಧಣಿ ಬೇರೆ ಯೋಚನೆಗೆ ಬಿದ್ದಿದ್ದರು. “ಅಕ್ಕ, ಬರೋ ವರ್ಷದಿಂದ ಹಿಂದೆ ಸೋಪಿನ ಜಾಹೀರಾತು ಹಾಕೋಣ ಅಂತಿದೀನಿ. ಹಿಂದೆ ಯಾರು ಓದ್ತಾರೆ ಹೇಳಿ?” ಎಂದಿದ್ದರು. ಜುಲೈ ಮೊದಲ ವಾರ ತೀರ್ಮಾನ ಹೇಳುವುದಿತ್ತು. ತಾರೀಖಕ್ಕನಿಗೆ ಊಟ ರುಚಿಸಲಿಲ್ಲ. ಸೋಪು ಬಂದರೆ ಇಪ್ಪತ್ತಾರು ವರ್ಷದ ಬೀರು ಬರೀ ರದ್ದಿ.

ಆ ಜುಲೈ ಒಂದರ ಬೆಳಗ್ಗೆ ಊರು ಎದ್ದು ಹಾಳೆ ಹರಿಯಿತು, ಜೂನ್ ಮುಗಿದಿರಲಿಲ್ಲ. ಹಿಂದಿನ ದಿನವಷ್ಟೇ ಹಾರ ಹಾಕಿಸಿಕೊಂಡು ನಿವೃತ್ತನಾಗಿದ್ದ ಗುಮಾಸ್ತನೊಬ್ಬ, “ಇನ್ನೂ ಜೂನೇ ಇದೆ” ಎಂದು ಕಚೇರಿಗೆ ಬಂದು ತನ್ನ ಕುರ್ಚಿಯಲ್ಲಿ ಕೂತುಬಿಟ್ಟ. ಹಲ್ಲಿನ ಡಾಕ್ಟರ ಬಳಿ ಹೋಗಬೇಕಿದ್ದವರು, “ಒಂದನೇ ತಾರೀಖು ನಾಳೆಯಲ್ವಾ” ಎಂದು ಖುಷಿಯಿಂದ ಮನೆಯಲ್ಲೇ ಉಳಿದರು. ಪ್ರೆಸ್ಸಿನ ಫೋನು ಬಡಕೊಳ್ಳತೊಡಗಿತು.

ಹತ್ತು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಧಣಿಯ ಮುಂದೆ ನಿಂತಿದ್ದರು.

“ತಪ್ಪು ನಂದೇ ಸಾರ್,” ಕಂಡಕ್ಟರು ತಲೆ ತಗ್ಗಿಸಿದರು. “ಲೆಕ್ಕ ಸರಿ ಬಂತು, ಸೀಟಿ ಊದಿಬಿಟ್ಟೆ.”

“ಅಲ್ರೀ, ಆ ದಿನಕ್ಕೆ ವಾರವೇ ಇಲ್ಲ. ಅದೂ ಕಾಣಲಿಲ್ವಾ?”

“ರಿಟೈರ್ ಆದವನಿಗೆ ಎಲ್ಲಾ ದಿನಾನೂ ಹಾಗೇ ಸಾರ್.”

“ರೀ, ಸ್ವಲ್ಪ ಸುಮ್ಮನಿರಿ,” ಎಂದಳು ತಾರೀಖಕ್ಕ.

“ನಲವತ್ತು ಫೋನು ಬಂತು ಅಕ್ಕ,” ಎಂದರು ಧಣಿ, ಸಿಟ್ಟಿಗಿಂತ ಹೆಚ್ಚು ಬೇಸರದಿಂದ. “ಎಲ್ಲಾ ಮುಂದಿನ ಅಂಕಿ ಬಗ್ಗೆ. ಹಿಂದೆ ಇರೋದರ ಬಗ್ಗೆ ಒಂದಾದ್ರೂ? ಇಲ್ಲ. ನಾನು ಹೇಳಿದ್ದೇ ನಿಜ ಆಯ್ತು ನೋಡಿ.”

ಅಷ್ಟರಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಹಾಳೆಯೊಂದನ್ನು ಬಾವುಟದಂತೆ ಹಿಡಿದು ಒಳಗೆ ನುಗ್ಗಿದರು.

“ಇದರ ಹಿಂದೆ ಬರೆದವರು ಯಾರು?”

ಧಣಿಯ ಬೆರಳು ತಾರೀಖಕ್ಕನ ಕಡೆ ತಿರುಗಿತು.

“ನೀನೇನಮ್ಮ? ಪ್ರವಾಹದ ದಿನ ಸೇತುವೆ ಹತ್ರ ಕೆಂಪು ಬಟ್ಟೆ ಬೀಸಿ ರೈಲು ನಿಲ್ಲಿಸಿದ, ಹೊಳೆ ನೀರು ಅಳೆಯೋರು ಅಂತ ಬರೆದಿದೀಯಲ್ಲ, ಅವರು ನಮ್ಮಪ್ಪ. ಸತ್ತಿದ್ದು ಮೂವತ್ತನೇ ತಾರೀಖು. ಇಲ್ಲದ ದಿನ ಯಾಕಮ್ಮ ಸಾಯಿಸಿದೆ ಅವರನ್ನ?”

ಧಣಿ ಎದ್ದು ನಿಂತರು. “ನೀವು ಹಿಂದೆ ಓದ್ತೀರಾ?”

“ಮುಂದೆ ಓದೋಕೆ ಏನಪ್ಪಾ ಇದೆ, ಒಂದು ಅಂಕಿ! ನಮ್ಮ ಬೀದೀಲಿ ಹಿಂದಿನದು ಓದಿಯೇ ಹಾಳೆ ಬಿಸಾಡೋದು. ಇಪ್ಪತ್ತು ವರ್ಷದಿಂದ ಪ್ರತಿ ಜೂನ್ ಮೂವತ್ತಕ್ಕೆ ನಮ್ಮಪ್ಪ ಬರ್ತಾರೇನೋ ಅಂತ ನೋಡ್ತಿದೀನಿ.”

“ಮತ್ತೆ ಯಾರೂ ಫೋನ್ ಮಾಡಿದ್ದೇ ಇಲ್ವಲ್ಲ?”

“ತಪ್ಪಿದ್ರೆ ತಾನೇ ಮಾಡೋದು? ಈಕೆ ಇವತ್ತಿನವರೆಗೆ ತಪ್ಪು ಬರೆದಿರಲಿಲ್ಲ.”

ಇಪ್ಪತ್ತಾರು ವರ್ಷದಲ್ಲಿ ತಾರೀಖಕ್ಕನಿಗೆ ಸಿಕ್ಕ ಮೊದಲ ಪ್ರಶಸ್ತಿ ಈ ಬೈಗುಳ. ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಹೊಸ ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದ ಅವಧಿ ಸದ್ಯ ಮುಗಿದಿತ್ತು. ಧಣಿಯ ಮನಸ್ಸಿನಲ್ಲಿ ಸೋಪು ಕರಗುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

“ಸರಿ, ಸೋಪು ಬೇಡ,” ಎಂದರು ಕೊನೆಗೆ. “ಬರೋ ವರ್ಷ ಇವರ ತಂದೇನ ಮೂವತ್ತಕ್ಕೇ ಹಾಕಿ ಅಕ್ಕ.”

“ಜಾಗ ಎಲ್ಲಿದೆ ಸಾರ್? ನಾಲ್ಕು ಜನ ಕೂತಿದಾರೆ. ಒಬ್ಬರನ್ನ ಎಬ್ಬಿಸಬೇಕು.”

ಜೂನ್ ಮೂವತ್ತರ ಹಾಳೆ ಮೇಜಿಗೆ ಬಂತು, ನಾಲ್ವರ ವಿಚಾರಣೆ ನಡೆಯಿತು. ಗಾಯಕಿಯನ್ನು ಕಂಡಕ್ಟರು ಬಿಟ್ಟುಕೊಡಲಿಲ್ಲ. ನಕ್ಷತ್ರದವನು ಧಣಿಗೆ ಬೇಕಿತ್ತು. ಬೆಟ್ಟ ಹತ್ತಿದವನನ್ನು ಇಳಿಸುವುದು ಯಾರಿಗೂ ಸರಿ ಕಾಣಲಿಲ್ಲ.

“ಈ ರಾಜ ಏನು ಮಾಡಿದ್ದ?” ಎಂದು ಆ ತಾಯಿ ಕೇಳಿದರು.

“ಪಕ್ಕದ ರಾಜ್ಯ ಗೆದ್ದ,” ಎಂದಳು ತಾರೀಖಕ್ಕ. “ಮೂರು ತಿಂಗಳಿಗೆ ಕಳಕೊಂಡ.”

“ನಮ್ಮಪ್ಪ ನಿಲ್ಲಿಸಿದ ರೈಲು ಬಿದ್ದೇ ಇಲ್ಲ.”

ತಾರೀಖಕ್ಕ ಧಣಿಯ ಮೇಜಿನ ಮೇಲಿನ ಪೆನ್ಸಿಲ್ ತೆಗೆದುಕೊಂಡಳು. ಇಷ್ಟು ವರ್ಷ ಯಾವ ಸೇನೆಗೂ ಕದಲಿಸಲು ಸಾಧ್ಯವಾಗದೆ ಆ ಹಾಳೆಯಲ್ಲಿ ಬೀಡುಬಿಟ್ಟಿದ್ದ ಮಹಾರಾಜರ ಮೇಲೆ ಒಂದು ಗೆರೆ ಎಳೆದಳು.

ಮರುವರ್ಷ ಜೂನ್ ಮೂವತ್ತರ ಹಾಳೆಯ ಹಿಂದೆ ಹೊಳೆಯ ನೀರು ಅಳೆಯುವವರು ಬಂದರು. ಪ್ರೆಸ್ಸಿನ ಫೋನಿನ ಪಕ್ಕ ಧಣಿ ದಿನವಿಡೀ ಕೂತಿದ್ದರು. ರಾಜನ ಕಡೆಯಿಂದ ಯಾರೂ ಜಗಳಕ್ಕೆ ಬರಲಿಲ್ಲ.