ನಡುಗುವ ಕೈಗೆ ಗಂಟೆ

ಮಂಗಳಾರತಿ ಎತ್ತುತ್ತಿದ್ದ ಸರೋಜಕ್ಕನ ಸೆರಗಿಗೆ ಬೆಂಕಿ ಹತ್ತಿಕೊಂಡಿತ್ತು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರಾದ ಅವರಿಗೆ ಕೈ ನಡುಗುವ ಕಾಯಿಲೆ. ಆರತಿ ಅಲುಗದಿರಲೆಂದು ಅದನ್ನು ಎರಡೂ ಕೈಗಳಿಂದ ಹಿಡಿದಿದ್ದರು. ಜಾರಿದ ಸೆರಗನ್ನು ಎತ್ತಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಪ್ರಸಾದಕ್ಕೆಂದು ಬಂದು ಬಾಗಿಲಲ್ಲಿ ನಿಂತಿದ್ದ ನಾನು, ಪೂಜೆಗೆ ತುಂಬಿಟ್ಟಿದ್ದ ಬಿಂದಿಗೆಯ ನೀರನ್ನೆಲ್ಲ ಅವರ ಮೇಲೆ ಸುರಿದೆ. ಒಂದು ಗೇಣು ಸೀರೆ ಸುಟ್ಟಿತ್ತು. ಮೈಗೆ ತಾಗಿರಲಿಲ್ಲ.

ದೀಪ ಮುಟ್ಟಬೇಡವೆಂದು ಮನೆಯವರು ಮೊದಲಿನಿಂದಲೂ ಹೇಳುತ್ತಿದ್ದರು. ಒದ್ದೆಯಾಗಿ ನಿಂತ ಸರೋಜಕ್ಕ ಮೊದಲು ಆಡಿದ ಮಾತು, "ಇನ್ನು ನಂಗೆ ಪೂಜೆ ಬೇಡ ಅಂತ ಮಾತ್ರ ಹೇಳ್ಬೇಡಿ."

ಹೋಟೆಲು ನಡೆಸಿ ಈಗ ಮನೆಯಲ್ಲಿರುವ ಅವರ ಯಜಮಾನರು, ಹೆಂಡತಿ ಸೀರೆ ಬದಲಿಸಿ ಬಂದ ಮೇಲೆ ಕುರ್ಚಿಯಲ್ಲಿ ಕೂರಿಸಿ, ಕೈಗೆ ಗಂಟೆ ಕೊಟ್ಟರು. ಆರತಿ ಹಚ್ಚಿ ತಾವೇ ಹಿಡಿದರು. ನಡುಗುವ ಕೈಯಲ್ಲಿ ಗಂಟೆ ತಾನಾಗಿಯೇ ಕಿಣಿಕಿಣಿ ಎನ್ನತೊಡಗಿತು.

ಸರೋಜಕ್ಕ ನನ್ನತ್ತ ನೋಡಿ ನಕ್ಕರು. "ಸುಮ್ಮನೆ ಹಿಡ್ಕೊಂಡ್ರೂ ಅದೇ ಬಡ್ಕೊಳ್ತದೆ ಮಾರಾಯ್ತಿ!" ಮರುಕ್ಷಣವೇ ಗಂಡನ ಕಡೆ ತಿರುಗಿ, "ಮೆಲ್ಲ ಸುತ್ತಿಸಿ. ಅದು ನಿಮ್ಮ ಹೋಟೆಲಿನ ಸಾಂಬಾರಲ್ಲ" ಎಂದರು.

ಇದಾಗಿ ಎರಡು ತಿಂಗಳಾಯಿತು. ಗ್ಯಾಸ್ ಹಚ್ಚುವ ಮೊದಲು ನನ್ನ ಕೈ ಈಗಲೂ ದುಪಟ್ಟಾವನ್ನು ಹುಡುಕುತ್ತದೆ. ಬೆಳಗ್ಗೆ ಗೋಡೆಯಾಚೆ ಗಂಟೆ ಶುರುವಾದರೆ, ಅದು ನಿಂತು ಸರೋಜಕ್ಕನ ಮಾತು ಕೇಳುವವರೆಗೆ ನಾನು ಮನೆ ಬಿಡುವುದಿಲ್ಲ. ಹಾಗೆ ಕಾಯುತ್ತ ಎರಡು ಸಲ ಲೋಕಲ್ ರೈಲು ತಪ್ಪಿಸಿಕೊಂಡಿದ್ದೇನೆ.